ಸಿಇಒ ಬದಲಾದರೆ ಆಟ ಬದಲಾಗುತ್ತದೆಯೆ?

ಹಳೆಯ ಆನ್‌ಲೈನ್ ಆಟವೊಂದರ ಕಂಪನಿಗೆ ಹೊಸ ಸಿಇಒ ಬಂದರೆ ಸಾಕು, ಆಟದ ಅಳಿವು ಉಳಿವು ಅವರ ಕೈಯಲ್ಲಿದೆ ಎಂಬ ಮಾತು ಶುರುವಾಗುತ್ತದೆ. 2025ರಲ್ಲಿ ಬ್ರಿಟನ್ನಿನ ಜಾಗೆಕ್ಸ್‌ನಿಂದ ಫಿಲ್ ಮ್ಯಾನ್ಸೆಲ್ ಹೋಗಿ ಜಾನ್ ಬೆಲ್ಲಮಿ ಬಂದಾಗ ಅದರ ಆಟ 'ರೂನ್‌ಸ್ಕೇಪ್'ನ ಜಾತಕವನ್ನೂ ಹೀಗೇ ಬರೆದರು. ಆಟದ ಚರಿತ್ರೆ ಬೇರೆಯೇ ಹೇಳುತ್ತದೆ. 2001ರಲ್ಲಿ ಇದನ್ನು ಶುರುಮಾಡಿದ ಗೋವರ್ ಸೋದರರು ಕಂಪನಿ ಬಿಟ್ಟು ಎಷ್ಟೋ ವರ್ಷಗಳಾದವು. ಒಡೆತನ 2016ರಲ್ಲಿ ಚೀನಾದ ಹೂಡಿಕೆದಾರರಿಗೆ, 2021ರಲ್ಲಿ ಅಮೆರಿಕದ ಹೂಡಿಕೆ ಸಂಸ್ಥೆ ಕಾರ್ಲೈಲ್‌ಗೆ, 2024ರಲ್ಲಿ ಇನ್ನೊಂದು ಹೂಡಿಕೆ ಸಂಸ್ಥೆ ಸಿವಿಸಿಗೆ ಹೋಯಿತು. ಆಟ ಮಾತ್ರ ನಿಂತಿಲ್ಲ.

ಅದನ್ನು ಉಳಿಸಿದ್ದು ಒಂದು ಕಟ್ಟಳೆ. 2012ರಲ್ಲಿ ಕಾದಾಟದ ಪದ್ಧತಿಯನ್ನೇ ಬುಡಮೇಲು ಮಾಡಿದಾಗ ಹಳಬರು ಬೇಸತ್ತು ಹೊರಟರು. ಮರುವರ್ಷ ಕಂಪನಿ 2007ರ ಆಗಸ್ಟಿನ ಬ್ಯಾಕಪ್ ತೆಗೆದು, ಈ ಹಳೆಯ ಆಟ ಬೇಕೆ ಎಂದು ಮತ ಕೇಳಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಮತ ಬಿದ್ದವು. ಹಾಗೆ ಹುಟ್ಟಿದ 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್'ನಲ್ಲಿ ದೊಡ್ಡ ಹೊಸ ಸೇರ್ಪಡೆಗೆ ಆಟಗಾರರ ಶೇ. 75 ಮತ ಬೇಕೆಂದಾಯಿತು. ಮುಖ್ಯಸ್ಥರ ಹುಕಿಗೆ ಇದಕ್ಕಿಂತ ಗಟ್ಟಿ ಲಗಾಮು ಬೇರೆ ಆಟಗಳಲ್ಲಿ ವಿರಳ.

ಇದಕ್ಕೆ ಎದುರಾಗಿ ನವೊಕಿ ಯೊಶಿದಾರ ಹೆಸರು ಹೇಳುವವರ ಮಾತಿಗೆ ತೂಕವಿದೆ. 2010ರಲ್ಲಿ ನೆಲಕಚ್ಚಿದ 'ಫೈನಲ್ ಫ್ಯಾಂಟಸಿ 14'ರ ಹೊಣೆ ಹೊತ್ತ ಅವರು ಹಳೆಯದನ್ನು ಮುಚ್ಚಿಸಿ, 2013ರಲ್ಲಿ ಹೊಸದಾಗಿ ಕಟ್ಟಿ ನಿಲ್ಲಿಸಿದರು. ಮತಪೆಟ್ಟಿಗೆಯಿಂದ ಆಗುವ ಕೆಲಸವಲ್ಲ ಅದು, ಒಪ್ಪಲೇಬೇಕು. ಆದರೆ ಬಿದ್ದದ್ದನ್ನು ಎತ್ತುವುದು ಬೇರೆ, ನಿಂತದ್ದನ್ನು ದಶಕಗಟ್ಟಲೆ ನಡೆಸುವುದು ಬೇರೆ. ಇಷ್ಟು ವರ್ಷ ಒಬ್ಬರನ್ನೇ ನೆಚ್ಚಿಕೊಂಡ ಆಟಕ್ಕೆ ಅವರು ಹೊರಡುವ ದಿನವೇ ನಿಜವಾದ ಪರೀಕ್ಷೆ.

ನನ್ನ ವಾದದ ಬಿರುಕು ಬೇರೆ ಕಡೆ ಇದೆ. 2019ರಲ್ಲಿ 'ವಾರ್ಡಿಂಗ್' ಎಂಬ ಹೊಸ ಕೌಶಲ ಸುಮಾರು ಶೇ. 66 ಮತ ಪಡೆದು ಸೋತಿತು. 2022ರಲ್ಲಿ ಕಂಪನಿ ಮಿತಿಯನ್ನು ಶೇ. 70ಕ್ಕೆ ಇಳಿಸಿತು. ಮರುವರ್ಷ 'ಸೇಲಿಂಗ್' ಸುಮಾರು ಶೇ. 72ರಲ್ಲಿ ಗೆದ್ದಿತು, ಹಳೆಯ ಮಿತಿಯಲ್ಲಾದರೆ ಅದೂ ಸೋಲುತ್ತಿತ್ತು. ಮತ ಆಟಗಾರರದು, ಮಿತಿ ಕಂಪನಿಯದು. ಹೊಸ ಸಿಇಒ ಕನಸುಗಾರರೆ, ಲೆಕ್ಕದವರೆ ಎಂದು ಚರ್ಚಿಸುವುದರಲ್ಲಿ ಹುರುಳಿಲ್ಲ, ಆ ಶೇ. 70ನ್ನು ಅವರು ಮುಟ್ಟುತ್ತಾರೆಯೆ, ಮುಟ್ಟುವ ಮೊದಲು ಅದಕ್ಕೂ ಮತ ಕೇಳುತ್ತಾರೆಯೆ ಎಂದು ಕೇಳಬೇಕು.