ನುಸಿ ಎಂದರೆ ಯಾವ ನುಸಿ?

ಗುಲಾಬಿ ಮೊಗ್ಗು ಸೊಟ್ಟಗಾಗಿ, ಪಕಳೆಯ ಅಂಚು ಸುಟ್ಟಂತೆ ಕಂದಿದರೆ ನಮ್ಮ ರೈತ ನೆಟ್ಟಗೆ ಔಷಧದ ಅಂಗಡಿಗೆ ಹೋಗಿ ‘ನುಸಿ ಬಿದ್ದೈತೆ, ಏನಾದ್ರೂ ಕೊಡಿ’ ಅನ್ನುತ್ತಾನೆ. ಹೊಸೂರಿನ ಪಾಲಿಹೌಸಿನವನೂ ಅಷ್ಟೇ, ಮಡಕಶಿರಾ ಕಡೆ ಎರಡು ಗುಂಟೆಯಲ್ಲಿ ಹೂವಿನ ಸಸಿ ಮಾಡುವವನೂ ಅಷ್ಟೇ. ತೊಂದರೆ ಅಲ್ಲಿಂದಲೇ ಶುರು.

ಕನ್ನಡದಲ್ಲಿ ನಾವು ಥ್ರಿಪ್ಸಿಗೂ ನುಸಿ ಅಂತೀವಿ, ಮೈಟಿಗೂ ನುಸಿ ಅಂತೀವಿ. ಈ ವಿಷಯದಲ್ಲಿ ತೆಲುಗಿನವರು ನಮಗಿಂತ ಜಾಣರು. ಥ್ರಿಪ್ಸ್ ಅವರಿಗೆ ತಾಮರ ಪುರುಗು, ಮೈಟ್ ನಲ್ಲಿ. (ನಲ್ಲಿ ಅಂದರೆ ಕನ್ನಡದವನಿಗೆ ನೀರು ನೆನಪಾಗುತ್ತದೆ, ಅದು ಬೇರೆ ಮಾತು.) ಥ್ರಿಪ್ಸ್ ಕೀಟ; ಮೈಟ್ ಜೇಡದ ಬಳಗ. ಮೈಟಿಗೆಂದೇ ಮಾಡಿದ ಔಷಧ ಬಹುಮಟ್ಟಿಗೆ ಥ್ರಿಪ್ಸಿಗೆ ನಾಟುವುದಿಲ್ಲ. ಎಲೆಯಡಿ ತೆಳ್ಳನೆ ಬಲೆ ಇದ್ದರೆ ಮೈಟ್. ಬೆಳ್ಳಿ ಉಜ್ಜಿದ ಹಾಗೆ ಗೀರು, ಅದರ ಮೇಲೆ ಕರಿ ಚುಕ್ಕೆಯಂಥ ಹಿಕ್ಕೆ ಇದ್ದರೆ ಥ್ರಿಪ್ಸ್. ಅನುಮಾನವಿದ್ದರೆ ಹೂವನ್ನು ಬಿಳಿ ಹಾಳೆಯ ಮೇಲೆ ಕೊಡವಿ ನೋಡಿ; ಮಿಲಿಮೀಟರ್ ಉದ್ದದ ಕಡ್ಡಿಯಂಥ ಹುಳ ಓಡಾಡಿದರೆ ಅದೇ. ಮೆಣಸಿನ ಗಿಡದಲ್ಲಾದರೆ ಎಲೆ ಮೇಲಕ್ಕೆ ಮುದುರಿದರೆ ಥ್ರಿಪ್ಸ್, ಕೆಳಕ್ಕೆ ಮುದುರಿದರೆ ಮೈಟ್.

ಥ್ರಿಪ್ಸ್ ಮೊಟ್ಟೆ ಇಡುವುದು ಎಲೆ, ಪಕಳೆಯ ಒಳಗೆ. ಕೋಶಾವಸ್ಥೆ ಬಹುಪಾಲು ಮಣ್ಣಿನಲ್ಲಿ. ಸಿಂಪರಣೆ ಇವೆರಡಕ್ಕೂ ಸರಿಯಾಗಿ ತಗಲುವುದಿಲ್ಲ. ಸಾಯುವುದು ಮರಿ ಮತ್ತು ರೆಕ್ಕೆ ಹುಳ. ಹಾಗಾಗಿ ‘ಔಷಧ ಕೆಲ್ಸ ಮಾಡ್ಲಿಲ್ಲ’ ಅಂತ ಮಾರನೇ ದಿನ ಡಬಲ್ ಡೋಸು ಹೊಡೆಯುವುದು ದುಡ್ಡು ದಂಡ. ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ, 5ರಿಂದ 7 ದಿನ ಬಿಟ್ಟು ಮತ್ತೆ ಹೊಡೆಯಬೇಕು. ಮುಂದಿನ ತಲೆಮಾರಿಗೆ ಔಷಧದ ಬಳಗವನ್ನೇ ಬದಲಿಸಬೇಕು. ಇಮಿಡಾಕ್ಲೋಪ್ರಿಡ್ ಬಿಟ್ಟು ಥಯಾಮೆಥಾಕ್ಸಾಮ್ ತಂದರೆ ಬದಲಿಸಿದಂತಲ್ಲ, ಎರಡೂ ಒಂದೇ ಬಳಗ. ವ್ಯಾಪಾರಿ ಮಿತ್ರರು ಬೇಜಾರು ಮಾಡಿಕೊಳ್ಳಬಾರದು: ಚೀಟಿಯಲ್ಲಿ ಬ್ರಾಂಡಿನ ಜತೆ ಒಳಗಿನ ರಸಾಯನದ ಹೆಸರನ್ನೂ ಕನ್ನಡದಲ್ಲೋ ತೆಲುಗಿನಲ್ಲೋ ಬರೆದುಕೊಡಿ.

ಇದು ಹೂವಿನವರ ತಲೆನೋವು ಮಾತ್ರ ಎಂದು ಹೊಲದವರು ಸುಮ್ಮನಿರುವಂತಿಲ್ಲ. 2000ದ ಮುಂಗಾರಿನಲ್ಲಿ ಅನಂತಪುರ ಜಿಲ್ಲೆಯಲ್ಲಿ ಸುಮಾರು 2.25 ಲಕ್ಷ ಹೆಕ್ಟೇರ್ ಕಡಲೆಕಾಯಿ ಕಾಂಡ ಒಣಗುವ ರೋಗಕ್ಕೆ ಸಿಕ್ಕಿತು. ನಷ್ಟ 300 ಕೋಟಿ ರೂಪಾಯಿ ದಾಟಿತು. ನಂಜು ಇದ್ದದ್ದು ಪಾರ್ಥೇನಿಯಂ ಗಿಡದ ಪರಾಗದಲ್ಲಿ, ಹೊತ್ತು ತಂದದ್ದು ಥ್ರಿಪ್ಸ್. ನಮ್ಮ ಕಾಂಗ್ರೆಸ್ ಗಿಡವೇ ತೆಲುಗಿನ ವಯ್ಯಾರಿಭಾಮ. ಹೆಸರಿಟ್ಟವನು ಕವಿಯೇ ಇರಬೇಕು. ಆ ಭಾಮೆ ಇವತ್ತಿಗೂ ಎಷ್ಟೋ ಪಾಲಿಹೌಸಿನ ಬಾಗಿಲಲ್ಲೇ ನಿಂತಿದ್ದಾಳೆ. ಇನ್ನು ಆಗ್ನೇಯ ಏಷ್ಯಾ ಮೂಲದ ಹೊಸ ಥ್ರಿಪ್ಸ್, 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ಕಂಡದ್ದು, 2021ರ ಹೊತ್ತಿಗೆ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೂವಿಗೆ ನುಗ್ಗಿತು. ಅದಕ್ಕೆ ಅಲಂಕಾರದ ಗಿಡಗಳೂ ಆಗುತ್ತವೆ.

ಸಸಿ ತುಂಬಿದ ಟೆಂಪೋ ದಿನಾ ಗಡಿ ದಾಟುತ್ತದೆ. ಗಿಡದ ಜತೆ ಏನು ದಾಟುತ್ತಿದೆ ಎಂದು ಕೇಳುವವರು ಯಾರು? ಮೂರೂ ರಾಜ್ಯಗಳ ತೋಟಗಾರಿಕೆ ಇಲಾಖೆಗಳು ನರ್ಸರಿಗಳನ್ನು ಒಟ್ಟಾಗಿ ತಪಾಸಣೆ ಮಾಡಲಿ. ಅದು ಆಗುವವರೆಗೆ ನರ್ಸರಿಯವರು ನೀಲಿ, ಹಳದಿ ಅಂಟು ಹಾಳೆ ಕಟ್ಟಿ, ಕೊಳ್ಳುವವರಿಗೆ ತೋರಿಸಿ ಮಾರಲಿ. ಕೊಂಡವರು ಹೊಸ ಗಿಡವನ್ನು ಎರಡು ಮೂರು ವಾರ ಬೇರೆ ಕಡೆ ಇಟ್ಟು, ಆಮೇಲೆ ಒಳಗೆ ಸೇರಿಸಿಕೊಳ್ಳಲಿ.