ಮನೆಯನ್ನು ಕೊಳ್ಳುವ ಮುನ್ನ

ಹುಮನಾಬಾದಿನಲ್ಲಿ ಮನೆಯನ್ನು ಕೊಳ್ಳಬೇಕೆಂದಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಹೆದ್ದಾರಿಯ ಸಾಮೀಪ್ಯವನ್ನೇ ವರ್ಣಿಸಿದನು. “ಬಾವಿಯನ್ನು ಯಾವ ಮಾಸದಲ್ಲಿ ನೋಡಿದೆಯಪ್ಪಾ?” ಎಂದೆವು. “ಕಾರ್ತಿಕದಲ್ಲಿ” ಎಂದನು. ಕಾರ್ತಿಕದಲ್ಲಿ ಯಾವ ಬಾವಿ ತಾನೆ ಬತ್ತಿರುತ್ತದೆ! ನಾವೂ ಬಸವಕಲ್ಯಾಣದಲ್ಲಿ ಹೀಗೆಯೇ ಮೋಸಹೋದವರು. ಕೆತ್ತನೆಯ ಬಾಗಿಲಿಗೆ ಮರುಳಾಗಿ ಕೊಂಡ ಮನೆಗೆ ಹದಿನಾಲ್ಕು ಬೇಸಗೆ ನಮ್ಮ ಮನೆಯಾಕೆ ನೆರೆಮನೆಯಿಂದ ನೀರು ಹೊತ್ತಳು. ಈ ಸೀಮೆಯ ಕರಿಗಲ್ಲಿನಲ್ಲಿ ಬಿರುಕಿದ್ದೆಡೆ ಮಾತ್ರ ನೀರು. ನೆರೆಯಲ್ಲಿದ್ದರೆ ನಮ್ಮಲ್ಲಿಯೂ ಇರಬೇಕೆಂಬ ನಿಯಮವಿಲ್ಲ. ಕಾಗದಪತ್ರಗಳನ್ನೂ ನೋಡತಕ್ಕದ್ದೇ, 1948ರವರೆಗೆ ಇಲ್ಲಿ ನಿಜಾಮನ ಆಡಳಿತವಿದ್ದುದರಿಂದ ಹಳೆಯ ಪತ್ರಗಳನೇಕವು ಉರ್ದುವಿನಲ್ಲಿವೆ, ಬಲ್ಲವರಿಂದ ಓದಿಸಬೇಕು. ಆದರೂ ಮೊದಲು ನೀರು. ವೈಶಾಖದಲ್ಲಿ ಹೋಗಿ, ಮಾರುವವನನ್ನು ಬಿಟ್ಟು ನೆರೆಯ ಹೆಂಗಸರನ್ನು ಕೇಳೆಂದೆವು. ಮುಂಗಡವನ್ನು ಆಗಲೇ ಕೊಟ್ಟಿದ್ದನೋ ಏನೋ, ಆತನು ಮೌನವಾಗಿ ಎದ್ದುಹೋದನು.