ಬಿಸಿಲಿಗೆ ಬಿಯರ್ ತಂಪೇ? ಒಂದು ಬಾಟಲಿಯ ಲೆಕ್ಕ ನೋಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಬಿಸಿಲು ಗೊತ್ತಲ್ಲ? ಇಂಥ ಬಿಸಿಲಲ್ಲಿ ‘ಬಿಯರ್ ದೇಹಕ್ಕೆ ತಂಪು, ಹಗುರ’ ಎಂಬ ಮಾತನ್ನು ನಂಬಬಹುದೇ?

ಹಗುರವೇ?

ಬೆಲ್ಜಿಯಂನ ಡುವೆಲ್ ಬಿಯರ್ ನೋಡಿ. ತಿಳಿ ಹೊಂಬಣ್ಣ, ದಟ್ಟ ನೊರೆ, ಹಾಪ್ಸ್ ಹೂವಿನ ಘಮ. ನೋಡಲು ಹಗುರ; ಆದರೆ ಆಲ್ಕೋಹಾಲ್ ಶೇ 8.5! ಕಹಿ ಬರುವುದು ಹಾಪ್ಸ್‌ನಿಂದ. ಅಮಲು ಬರುವುದು ಯೀಸ್ಟ್ ಸಕ್ಕರೆಯನ್ನು ಹುಳಿಸಿ ಮಾಡುವ ಆಲ್ಕೋಹಾಲ್‌ನಿಂದ. ಹಾಗಾಗಿ ಬಣ್ಣ, ಕಹಿ ನೋಡಿ ಅಮಲು ಅಳೆಯಲಾಗದು.

ನಮ್ಮ ಸ್ಟ್ರಾಂಗ್ ಬಿಯರ್‌ನಲ್ಲಿ ಶೇ 8ರವರೆಗೆ ಆಲ್ಕೋಹಾಲ್ ಇರುತ್ತದೆ. ಅಂದರೆ 650 ಮಿ.ಲೀ. ಬಾಟಲಿಯಲ್ಲಿ 52 ಮಿ.ಲೀ. ಶೇ 42.8ರ ವಿಸ್ಕಿಯ 30 ಮಿ.ಲೀ. ಪೆಗ್‌ನಲ್ಲಿರುವುದು ಸುಮಾರು 13 ಮಿ.ಲೀ. ಲೆಕ್ಕ ಹಾಕಿ: ಒಂದು ಬಾಟಲಿ ಎಂದರೆ ನಾಲ್ಕು ಪೆಗ್!

ತಂಪೇ?

ತಂಪು ಫ್ರಿಜ್‌ನದು, ಬಿಯರ್‌ನದಲ್ಲ. ದೇಹದಲ್ಲಿ ನೀರು ಉಳಿಸುವ ವಾಸೊಪ್ರೆಸಿನ್ ಹಾರ್ಮೋನನ್ನು ಆಲ್ಕೋಹಾಲ್ ತಗ್ಗಿಸುತ್ತದೆ. ಬೆವರಿನ ಜತೆಗೆ ಮೂತ್ರದಲ್ಲೂ ನೀರು ಹೋಗುತ್ತದೆ.

‘ಒಂದೇ ಬಿಯರ್’ ಎಂದು ಬೈಕ್ ಹತ್ತಬೇಡಿ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಆಲ್ಕೋಹಾಲ್ ಮೀರಿದರೆ ಅಪರಾಧ. ಬಿಸಿಲಿಗೆ ನೀರು, ಮಜ್ಜಿಗೆಯೇ ಮೇಲು. ಇದನ್ನೂ ಫಾರ್ವರ್ಡ್ ಮಾಡಿ.